ಮೋಮೋ ತಿನ್ನೋಕೆ ಮುಂಡಗೋಡಕ್ಕೆ

"ಮೈಸೂರಾಗೆ ಈ ಚೈನೀಸು, ಮೋಮೋ, ಅದೆಂಥದೋ ಥುಕ್ಪಾ ಅಂತಾರಲ್ಲ, ಅದೆಲ್ಲ ಕಮ್ಮಿ ರೇಟಿಗೆ ಚೆನ್ನಾಗಿರೋದು ಎಲ್ಲಿ ಸಿಗುತ್ತೆ ಮೇಷ್ಟ್ರೇ?" ಅಂತ ಆಚೆಮನೆ ಅಕ್ಕ ಬೇಲಿ ಮೇಲೆ ಟವೆಲ್ ಹರವುತ್ತಾ ಕೇಳಿದರು. ದಸರಾ ರಜೆಗೆ ಮಗ, ಸೊಸೆ, ಮೊಮ್ಮಗಳ ಜೊತೆ ಮೈಸೂರಿಗೆ ಹೊರಟಿದ್ದಾರೆ. ಮೊಮ್ಮಗಳು ಪುಟ್ಟಿ ಬೆಂಗಳೂರಲ್ಲಿ ಬೆಳೆದವಳು. ಹೊನ್ನಾಳಿಗೆ ಬಂದರೆ ಎರಡು ದಿನ ಅಜ್ಜಿ ಕೈಯಡುಗೆ ಉಂಡು, ಮೂರನೇ ದಿನ ನೂಡಲ್ಸ್ ಅಂತ ರಾಗ ತೆಗೀತಾಳೆ. "ಅರಮನೆ ಹತ್ರ ಹೋಟ್ಲಾಗೆ ಒಂದು ಪ್ಲೇಟಿಗೇ ಮುನ್ನೂರಂತೆ. ನಾಕು ಜನ ಕುಂತು ಎದ್ರೆ ಏನು ಉಳೀತೈತೆ ಹೇಳ್ರಿ" ಅಂದರು.

ಕೇಳಿದ್ದು ನ್ಯಾಯವಾದ ಪ್ರಶ್ನೆ. ಊರು ನೋಡೋಕೆ ಹೋದವರ ಹೊಟ್ಟೆಪಾಡಿನ ಬಗ್ಗೆ ಯಾರೂ ನೆಟ್ಟಗೆ ಹೇಳೋದಿಲ್ಲ. ಅರಮನೆ ಎಷ್ಟು ಗಂಟೆಗೆ ತೆಗೀತಾರೆ, ಬೆಟ್ಟಕ್ಕೆ ಯಾವ ಬಸ್ಸು ಅಂತ ಎಲ್ಲರೂ ಹೇಳ್ತಾರೆ. ಮಧ್ಯಾಹ್ನ ಎರಡಕ್ಕೆ ಮಕ್ಕಳು ಹಸಿದು ಅಳೋವಾಗ ಎಲ್ಲಿ ನುಗ್ಗಬೇಕು ಅನ್ನೋದನ್ನ ಅವರವರೇ ದುಡ್ಡು ಕಳಕೊಂಡು ಕಲೀಬೇಕು.

ನನ್ನದು ಒಂದೇ ಮಾತು. ಯಾವ ಅಡುಗೆ ಬೇಕೋ ಅದನ್ನ ದಿನಾ ತಿನ್ನೋ ಜನ ಎಲ್ಲಿ ಕೂರ್ತಾರೋ ಅಲ್ಲೇ ಹೋಗಿ ಕೂರಬೇಕು. ದಿನಾ ತಿನ್ನೋರು ಜಾಸ್ತಿ ದುಡ್ಡು ಕೊಡೋದಿಲ್ಲ, ಕೆಟ್ಟಿದ್ದನ್ನ ಸಹಿಸೋದೂ ಇಲ್ಲ. ಒಮ್ಮೆ ಬಂದು ಹೋಗೋರನ್ನೇ ನಂಬಿಕೊಂಡ ಅಂಗಡಿಗೆ ಆ ಎರಡು ಭಯವೂ ಇರೋದಿಲ್ಲ. ಮೈಸೂರಲ್ಲೇ ಒಂದು ದೊಡ್ಡ ಹೋಟೆಲಲ್ಲಿ ನಮ್ಮ ಮನೆಯವರಿಗೆ ಹಾಗೇ ಆಯ್ತು. ಪಂಚಾಂಗದಷ್ಟು ದಪ್ಪದ ಮೆನು ತಂದಿಟ್ಟರು. ಚೈನೀಸ್ ಐತೆ, ಥಾಯ್ ಐತೆ, ತಂದೂರಿ ಐತೆ, ಕೊನೇ ಪುಟದಲ್ಲಿ ಮಸಾಲೆ ದೋಸೆನೂ ಐತೆ. ಥಾಯ್ ಅಂತ ತರಿಸಿದ್ದೂ ಚೈನೀಸ್ ಅಂತ ತರಿಸಿದ್ದೂ ಒಂದೇ ಸಾಸ್ ಬಾಟಲಿಯಲ್ಲಿ ಮಿಂದು ಬಂದಿದ್ದವು. ಹತ್ತು ದೇಶದ ಅಡುಗೆ ಒಂದೇ ಒಲೆ ಮೇಲೆ ಆಗುತ್ತೆ ಅಂದ್ರೆ ಹತ್ತರಲ್ಲಿ ಒಂದೂ ಸರಿಯಾಗಿ ಆಗಲ್ಲ ಅಂತಲೇ ಅರ್ಥ. ಮೈಸೂರಿನಲ್ಲೇ ತಿನ್ನಬೇಕು ಅಂದ್ರೆ ಅರಮನೆ ಸುತ್ತ ಬಿಟ್ಟು ಸರಸ್ವತೀಪುರಂ, ಮಾನಸಗಂಗೋತ್ರಿ ಕಡೆ, ಕಾಲೇಜು ಹುಡುಗರು ತಿನ್ನೋ ಜಾಗಕ್ಕೆ ಹೋಗಿ ಅಂದೆ. ಹಾಸ್ಟೆಲ್ ಹುಡುಗರ ಜೇಬು ತಡೆಯೋ ರೇಟು ನಮ್ಮ ಜೇಬೂ ತಡೆಯುತ್ತೆ.

"ಹಂಗಾದ್ರೆ ನಮ್ಮ ಬಸ್ ಸ್ಟ್ಯಾಂಡ್ ಹತ್ರ ಸಂಜೆ ಗಾಡಿ ನಿಲ್ಲುತ್ತಲ್ಲ, ಅದೂ ಚೈನೀಸೇ ಅಲ್ಲೇನು?" ಅಂತ ಅಕ್ಕ ಕೇಳಿದರು.

ಹೌದು, ಆ ತಳ್ಳುಗಾಡಿಯೇ ನಮ್ಮ ಕಡೆಯ ಚೈನೀಸ್ ಹೋಟೆಲ್ಲು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಯಾವ ಊರಿಗಾದರೂ ಹೋಗಿ, ಸಂಜೆ ಐದಕ್ಕೆ ಗ್ಯಾಸ್ ಒಲೆ ಹತ್ತಿಸಿಕೊಂಡು ಒಂದು ಗೋಬಿ ಗಾಡಿ ನಿಂತೇ ಇರುತ್ತೆ. ಅದನ್ನ ಕೀಳಾಗಿ ಕಾಣೋರನ್ನ ಕಂಡ್ರೆ ನನಗೆ ಬೇಜಾರು. ಆ ಹುಡುಗ ಬೆಳಗ್ಗೆ ಸಂತೆಗೆ ಹೋಗಿ ಹೂಕೋಸು ತರ್ತಾನೆ, ಹುಳ ನೋಡಿ ಬಿಡಿಸ್ತಾನೆ, ಅರಿಶಿನ ಉಪ್ಪಿನ ಬಿಸಿನೀರಲ್ಲಿ ಅದ್ದಿ ತೆಗೀತಾನೆ, ಬೆಳ್ಳುಳ್ಳಿ ಶುಂಠಿ ಕೊಚ್ಚಿ ಇಡ್ತಾನೆ. ಸಂಜೆ ನಾವು ಕೇಳಿದ ಮೇಲೆ ಎರಡು ನಿಮಿಷದಲ್ಲಿ ತಟ್ಟೆ ಕೈಗೆ ಬರುತ್ತೆ. ಅದಕ್ಕಿಂತ ಮುಂಚೆ ಅವನು ಪಟ್ಟ ಅರ್ಧ ದಿನದ ಪಾಡು ನಮ್ಮ ಕಣ್ಣಿಗೆ ಬೀಳೋದಿಲ್ಲ.

ಈ ಗೋಬಿ ಮಂಚೂರಿಗೂ ಚೀನಾದ ಮಂಚೂರಿಯಾ ಪ್ರದೇಶಕ್ಕೂ ಸಂಬಂಧ ಇಲ್ಲ ಅಂದಾಗ ಅಕ್ಕನಿಗೆ ಆಶ್ಚರ್ಯ. ಅದು ಹುಟ್ಟಿದ್ದು ಮುಂಬಯಿಯಲ್ಲಿ. ಕಲ್ಕತ್ತೆಯ ಚೀನೀ ಮನೆತನದಿಂದ ಬಂದ ನೆಲ್ಸನ್ ವಾಂಗ್ ಅನ್ನೋ ಬಾಣಸಿಗರು 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಮೊದಲು ಕೋಳಿ ಮಂಚೂರಿ ಮಾಡಿದರು ಅಂತ ಪ್ರಸಿದ್ಧಿ. ಶುರು ಮಾಡಿದ್ದು ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಯಿಂದಲೇ. ಗರಂ ಮಸಾಲೆ ಹಾಕೋ ಜಾಗದಲ್ಲಿ ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿದರು. ಕೋಳಿ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ನಮ್ಮ ಸಂತೆ, ಜಾತ್ರೆಗೆಲ್ಲ ಹಬ್ಬಿತು. ಹೊರಗಿಂದ ಬಂದ ಕೈರುಚಿ ಊರಿನ ತಿಂಡಿ ಆಗೋದು ನಮ್ಮ ಜಿಲ್ಲೆಗೇನು ಹೊಸದಲ್ಲ. ದಾವಣಗೆರೆ ಬೆಣ್ಣೆ ದೋಸೆಯ ಕಥೆಯೂ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋ ತಾಯಿಯ ಒಲೆಯಿಂದಲೇ ಶುರುವಾಗುತ್ತೆ ಅಂತಾರೆ.

ಇನ್ನೊಂದು ವಿಷಯ ಹೇಳಿದರೆ ನಮ್ಮ ರೈತರಿಗೆ ಖುಷಿ ಆಗಬೇಕು. ಗೋಬಿ ಮೇಲಿನ ಆ ಗರಿಗರಿ, ಸಾಸಿನ ಆ ಹೊಳಪು ಎರಡೂ ಕಾರ್ನ್‌ಫ್ಲೋರಿನ ಕೆಲಸ. ಕಾರ್ನ್‌ಫ್ಲೋರ್ ಅಂದ್ರೆ ಮೆಕ್ಕೆಜೋಳದ ಪಿಷ್ಟ. ಕಾಳನ್ನ ನೆನೆಹಾಕಿ, ಅರೆದು, ಹೊಟ್ಟು ಮೊಳಕೆ ಬೇರೆ ಮಾಡಿ, ಉಳಿದ ಬಿಳೀ ಹಾಲನ್ನ ಒಣಗಿಸಿದರೆ ಆ ಪುಡಿ. ರಾಜ್ಯದಲ್ಲಿ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆ ದಾವಣಗೆರೆ. ಜಗಳೂರಿನ ಮಳೆಯಾಶ್ರಿತ ಹೊಲದಲ್ಲೂ ಅದೇ, ಹೊನ್ನಾಳಿ ನ್ಯಾಮತಿಯ ಕೆಂಪು ನೆಲದಲ್ಲೂ ಅದೇ. ಸುಗ್ಗಿಯಲ್ಲಿ ಅರ್ಧ ಡಾಂಬರು ರಸ್ತೆ ತುಂಬ ಹಳದಿ ಕಾಳು ಹರವಿ, ಕಲ್ಲು ಅಡ್ಡ ಇಟ್ಟು, ಮುದುಕಪ್ಪ ಒಬ್ಬ ಕಾಲಲ್ಲಿ ಗೆರೆ ಎಳೀತಾ ತಿರುವಿ ಹಾಕೋದನ್ನ ನಾವೆಲ್ಲ ನೋಡಿದ್ದೀವಿ. 2025–26ಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಅಂದ್ರೆ ಕೆ.ಜಿ.ಗೆ 24. ಅಷ್ಟೂ ಕೈಗೆ ಬರದೆ ರೈತರು ಬೀದಿಗೆ ಇಳಿದರು. ಗೋಬಿ ತಿನ್ನೋ ಪ್ರತಿಯೊಬ್ಬರಿಗೂ ಈ ಲೆಕ್ಕ ಗೊತ್ತಿರಬೇಕು ಅಂತ ನನ್ನಾಸೆ.

"ಆದ್ರೆ ಆ ಕೆಂಪು ಬಣ್ಣ? ಪುಟ್ಟಿ ಕೈಯೆಲ್ಲ ಕೆಂಪಾಗಿರ್ತೈತೆ" ಅಂದರು ಅಕ್ಕ. ಅದರ ಬಗ್ಗೆ ನಾನು ರಾಜಿ ಆಗೋನಲ್ಲ. 2024ರ ಮಾರ್ಚ್ 11ಕ್ಕೆ ನಮ್ಮ ಆರೋಗ್ಯ ಸಚಿವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೊಡಮೈನ್-ಬಿ ಹಾಕಬಾರದು ಅಂತ ನಿಷೇಧ ಹೇರಿದರು. ಪರೀಕ್ಷೆಗೆ ಹೋದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ವರದಿ ಬಂದಿತ್ತು. ರೊಡಮೈನ್-ಬಿ ಬಟ್ಟೆಗೆ ಹಾಕೋ ಬಣ್ಣ. ಅದನ್ನ ಮಗುವಿನ ತಟ್ಟೆಗೆ ಸುರಿಯೋದು ಅನ್ಯಾಯ, ಬೇರೆ ಮಾತಿಲ್ಲ. ಸಿಕ್ಕಿಬಿದ್ದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಅಂತ ಆಗ ಹೇಳಿದರು. ಊರಿನ ಖಾಯಂ ಗಾಡಿಯವರು ಬಹಳಷ್ಟು ಜನ ಆಮೇಲೆ ಬಣ್ಣ ಬಿಟ್ಟರು. ಉಳಿದಿರೋ ಕಾಟ ಜಾತ್ರೆಯದು. ಯಾವ ಜಾತ್ರೆಗೇ ಹೋಗಿ, ಎರಡು ದಿನಕ್ಕೆ ಅಂತ ಎಲ್ಲಿಂದಲೋ ಬಂದು ನಿಲ್ಲೋ ಗಾಡಿಗಳಲ್ಲಿ ದೂರದಿಂದಲೇ ಕೆಂಪು ಗುಡ್ಡೆ ಕಾಣುತ್ತೆ. ಅವರಿಗೆ ನಾಳೆ ನಮ್ಮ ಮುಖ ನೋಡೋ ಹಂಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ನಮ್ಮ ಪಕ್ಕದ ಜಿಲ್ಲೆಯದೇ. ಖಾರ ಕಮ್ಮಿ, ಬಣ್ಣ ಜಾಸ್ತಿ. ಅದನ್ನ ನೆನೆಸಿ ಅರೆದು ಹಾಕಿದರೆ ಕಂದುಗೆಂಪು ಬರುತ್ತೆ, ಬೆರಳಿಗೆ ಹತ್ತಿದರೆ ತೊಳೆದಾಗ ಹೋಗುತ್ತೆ. "ಬಣ್ಣ ಹಾಕದೆ ಮಾಡ್ತೀಯೇನಪ್ಪ?" ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ. ಹತ್ತು ಜನ ಕೇಳಿದರೆ ಅವನೂ ಬಿಡ್ತಾನೆ.

ಗಾಡಿಗಿಂತ ಒಂದು ಮೆಟ್ಟಿಲು ಮೇಲೆ ಅಂದ್ರೆ ನಮ್ಮ ಊರುಗಳ ಫಾಸ್ಟ್‌ಫುಡ್ ಅಂಗಡಿ. ಅಲ್ಲಿ ಬಾಣಲೆ ಹಿಡಿದು ನಿಂತವನು ಎಷ್ಟೋ ಸಲ ನೇಪಾಳದ ಹುಡುಗ. ಇದನ್ನ ಯಾಕೆ ಹೇಳಿದೆ ಅಂದ್ರೆ, ನಾವು ಅವನ ಕೈಯಲ್ಲಿ ಗೋಬಿ ಮಾಡಿಸಿ ತಿಂದು ಬರ್ತೀವಿ, ಅವನ ಮನೆಯಲ್ಲಿ ಏನು ಮಾಡ್ತಾರೆ ಅಂತ ಕೇಳೋದೇ ಇಲ್ಲ. ದಾವಣಗೆರೆ ರಸ್ತೆಯ ಒಂದು ಅಂಗಡಿಯಲ್ಲಿ ರಾತ್ರಿ ಗಿರಾಕಿ ತೆಳುವಾದ ಮೇಲೆ ಹುಡುಗರು ತಮಗೆ ಅಂತ ಮೋಮೋ ಬೇಯಿಸಿಕೊಂಡಿದ್ದರು. ಜೊತೆಗೆ ಟೊಮೆಟೊ ಸುಟ್ಟು, ಎಳ್ಳು ಹುರಿದು, ಊರಿಂದ ತಂದ ಟಿಮುರ್ ಅನ್ನೋ ಕಾಳು ಕುಟ್ಟಿ ಅರೆದ ಚಟ್ನಿ. ನಮ್ಮ ಮಲೆನಾಡಿನ ಜುಮ್ಮನಕಾಯಿಯ ದಾಯಾದಿ ಅದು, ನಾಲಿಗೆ ತುದಿ ಜುಮ್ ಅನ್ನುತ್ತೆ. ಕೇಳಿದ್ದಕ್ಕೆ ನಕ್ಕು ನನಗೂ ಎರಡು ಹಾಕಿ ಕೊಟ್ಟರು. ಅಂಗಡಿ ಬೋರ್ಡಿನ ಮೇಲೆ ಇದ್ದ ಯಾವ ತಿಂಡಿಗೂ ಆ ರುಚಿ ಇರಲಿಲ್ಲ. ಈಗ ನಾನು ಅಂಥ ಹುಡುಗ ಸಿಕ್ಕರೆ ಮೊದಲು ಊರು ಯಾವುದು ಕೇಳ್ತೀನಿ, ಆಮೇಲೆ "ನೀನು ತಿನ್ನೋದನ್ನ ನನಗೂ ಮಾಡಿಕೊಡ್ತೀಯೇನಪ್ಪ" ಅಂತೀನಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೇಳಿದರೆ ಖುಷಿಯಿಂದ ಕೊಡ್ತೀನಿ.

ಇಷ್ಟು ಹೇಳೋ ಹೊತ್ತಿಗೆ ಅಕ್ಕ ಬಟ್ಟೆ ಒಣಹಾಕೋದು ಬಿಟ್ಟು ಬೇಲಿಗೆ ಒರಗಿ ನಿಂತಿದ್ದರು. "ಅಲ್ರೀ, ನೀವು ಎಲ್ಲೆಲ್ಲೋ ಹೋದ್ರಿ. ಮೈಸೂರಿಗೆ ಹೋದಾಗ ನಿಜವಾದ ಮೋಮೋ ಎಲ್ಲಿ ತಿನ್ನೋದು ಹೇಳ್ರಿ" ಅಂದರು.

ಮೈಸೂರಿನಲ್ಲಿ ಬೇಡ, ಬೈಲುಕುಪ್ಪೆಗೆ ಹೋಗಿ. ಮಡಿಕೇರಿ ಬಸ್ಸು ಹತ್ತಿದರೆ ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಸಿಗುತ್ತೆ. ದಲೈ ಲಾಮಾ 1959ರಲ್ಲಿ ಟಿಬೆಟ್ಟಿನಿಂದ ಗಡಿ ದಾಟಿ ಬಂದ ಮೇಲೆ, ಅವರ ಟಿಬೆಟಿಯನ್ ಜನ ದಕ್ಷಿಣದಲ್ಲಿ ಮೊದಲು ನೆಲೆ ನಿಂತಿದ್ದು ಅಲ್ಲೇ, 1960–61ರಲ್ಲಿ. ಜಾಗ ಕೊಟ್ಟಿದ್ದು ಆಗಿನ ಮೈಸೂರು ರಾಜ್ಯ. ಆ ಉಪಕಾರದ ಮಾತು ಬಂದಾಗೆಲ್ಲ ದಲೈ ಲಾಮಾ ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರು ತೆಗೀತಾರೆ. ನಿಜಲಿಂಗಪ್ಪನವರು ನಮ್ಮ ಸೀಮೆಯವರೇ, ಹುಟ್ಟಿದ ಹಲುವಾಗಲು ಹರಪನಹಳ್ಳಿ ಕಡೆ, ವಕೀಲಿಕೆ ರಾಜಕಾರಣ ಎಲ್ಲ ಚಿತ್ರದುರ್ಗದಲ್ಲಿ. 1997ರವರೆಗೆ ಜಗಳೂರೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು ಅನ್ನೋದು ನೆನಪಿದ್ದರೆ ನಮಗೆ ಇನ್ನೂ ಹತ್ತಿರ ಅನ್ನಿಸುತ್ತೆ. ಕಾಡು ಕಡಿದು, ಆನೆ ಕಾಟ ತಡೆದು, ಗೊತ್ತಿಲ್ಲದ ಬಿಸಿಲಿನಲ್ಲಿ ಆ ಜನ ಬೆಳೆದಿದ್ದೂ ಮೆಕ್ಕೆಜೋಳವನ್ನೇ. ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಿದ ನಾಮ್‌ಡ್ರೋಲಿಂಗ್ ಮಠವನ್ನೇ ಈಗ ಎಲ್ಲರೂ ಗೋಲ್ಡನ್ ಟೆಂಪಲ್ ಅಂತ ನೋಡೋಕೆ ಹೋಗೋದು.

ಅಲ್ಲೂ ಒಂದು ಎಚ್ಚರ ಬೇಕು. ದೇವಸ್ಥಾನದ ಗೇಟಿನ ಎದುರು ಸಾಲು ಅಂಗಡಿಗಳಲ್ಲಿ ಬಸ್ಸಿನಿಂದ ಇಳಿದವರೇ ತುಂಬಿರ್ತಾರೆ, ರೇಟೂ ಹಾಗೇ. ಸ್ವಲ್ಪ ಒಳಗೆ, ಟಿಬೆಟಿಯನ್ನರು ವಾಸ ಇರೋ ಕ್ಯಾಂಪುಗಳ ಕಡೆಗೆ ನಡೀರಿ. ಎರಡು ಬೆಂಚು, ನಾಲ್ಕು ಮೇಜು, ಗೋಡೆ ಮೇಲೆ ಲ್ಹಾಸಾದ ಪೋಟಾಲ ಅರಮನೆಯ ಚಿತ್ರ, ಮೂಲೆಯಲ್ಲಿ ಕೆಂಪು ಬಟ್ಟೆಯ ಇಬ್ಬರು ಲಾಮಾಗಳು ತಲೆ ಬಗ್ಗಿಸಿ ಥುಕ್ಪಾ ಅನ್ನೋ ನೂಡಲ್ಸ್ ಸಾರು ಹೀರುತ್ತಾ ಇದ್ದರೆ ಅದೇ ಅಂಗಡಿ. ಒಳಗೆ ಅಲ್ಯೂಮಿನಿಯಂ ಪಾತ್ರೆ ಒಂದರ ಮೇಲೊಂದು ಮೂರು ಅಂತಸ್ತು ಕೂತಿರುತ್ತೆ, ತಳದಲ್ಲಿ ನೀರು ಕುದೀತಿರುತ್ತೆ. ಅಮ್ಮ ಒಬ್ಬರು ಮೈದಾ ಹಿಟ್ಟಿನ ತೆಳು ಹಾಳೆಯನ್ನ ಎಡಗೈ ಅಂಗೈಯಲ್ಲಿ ಇಟ್ಟು, ಎಲೆಕೋಸಿನ ಹೂರಣ ತುಂಬಿ, ಬಲಗೈ ಹೆಬ್ಬೆರಳಿಂದ ನೆರಿಗೆ ಹಿಡೀತಾ ಹೋಗ್ತಾರೆ. ಕಣ್ಣು ಗಿರಾಕಿ ಕಡೆ, ಕೈ ನೆರಿಗೆ ಕಡೆ. ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಬರುತ್ತೆ. ನಮ್ಮ ಕಡುಬು ಬಲ್ಲವರಿಗೆ ಮೋಮೋ ಪರಕೀಯ ಅನ್ನಿಸೋದಿಲ್ಲ. ಎಣ್ಣೆ ಇಲ್ಲ, ಬಣ್ಣ ಇಲ್ಲ, ಹಬೆಯಲ್ಲೇ ಬೆಂದದ್ದು. ಪಕ್ಕದಲ್ಲಿ ಒಣಮೆಣಸಿನಕಾಯಿ ಚಟ್ನಿ ಇಡ್ತಾರೆ, ಅದನ್ನ ನೋಡಿಕೊಂಡು ಹಾಕಿಕೊಳ್ಳಿ.

ಪುಟ್ಟಿಗೆ ಥುಕ್ಪಾ ಬದಲು ಥೆಂಥುಕ್ ಕೊಡಿಸಿ ಅಂದೆ. ಹಿಟ್ಟನ್ನ ಕೈಯಲ್ಲೇ ಚಪ್ಪಟೆ ಮಾಡಿ, ಚೂರು ಚೂರು ಕಿತ್ತು ಕುದಿಯೋ ಸಾರಿಗೆ ಎಸೆಯೋದು. ಮಕ್ಕಳಿಗೆ ಅದು ಆಟ. ಟಿಂಗ್ಮೋ ಅಂತ ಪದರ ಪದರ ಇರೋ ಹಬೆ ಬನ್ನು ಸಿಗುತ್ತೆ, ಸಾರಿಗೆ ಅದ್ದಿ ತಿನ್ನೋಕೆ ಬಲು ಚೆನ್ನ, ಹೊಟ್ಟೆನೂ ತುಂಬುತ್ತೆ, ದುಡ್ಡೂ ಕಮ್ಮಿ. ಸಂಜೆ ಹೊತ್ತು ಹೆಂಗಸರು ಲಾಫಿಂಗ್ ಅಂತ ಹೆಸರುಕಾಳಿನ ಪಿಷ್ಟದ ತಣ್ಣನೆ ಹಾಳೆಯನ್ನ ಖಾರ, ಬೆಳ್ಳುಳ್ಳಿ ನೀರು, ವಿನೆಗರ್ ಹಾಕಿ ಸುತ್ತಿ ಕೊಡ್ತಾರೆ. ಬೆಣ್ಣೆ ಚಹಾ ಮಾತ್ರ ಒಂದೇ ಕಪ್ಪು ತರಿಸಿ ಹಂಚಿಕೊಂಡು ನೋಡಿ. ಉಪ್ಪು ಹಾಕಿದ ಚಹಾ ಅದು. ನನಗೆ ಹಿಡಿಸಿತು, ಎಲ್ಲರಿಗೂ ಹಿಡಿಸಲ್ಲ.

"ನಾವು ಮಾಂಸ ಮುಟ್ಟಂಗಿಲ್ಲ, ಗೊತ್ತಲ್ಲ" ಅಂದರು ಅಕ್ಕ. ಅದಕ್ಕೆ ಬಾಯಿ ಬಿಟ್ಟು ಕೇಳಲೇಬೇಕು. ತರಕಾರಿ, ಆಲೂಗಡ್ಡೆ, ಚೀಸ್ ಮೋಮೋ ಎಲ್ಲ ಕಡೆ ಸಿಗುತ್ತೆ. ಆದರೆ ಥುಕ್ಪಾದ ಮೇಲೆ ತರಕಾರಿ ತೇಲುತ್ತಿದ್ದರೂ ಸಾರು ಎಲುಬು ಬೇಯಿಸಿದ್ದಾಗಿರಬಹುದು. "ಸಾರೂ ವೆಜ್ ಬೇಕು" ಅಂತ ಬಿಡಿಸಿ ಹೇಳಿ. ಮುಚ್ಚುಮರೆ ಇಲ್ಲದೆ ಹೇಳ್ತಾರೆ. ಮಾಂಸ ತಿನ್ನೋರೂ ಯಾವ ಮಾಂಸ ಅಂತ ಮೊದಲೇ ಕೇಳಿಕೊಳ್ಳೋದು ಒಳ್ಳೇದು.

ಮೈಸೂರಿನ ಪ್ರಶ್ನೆಗೆ ಉತ್ತರ ಅಲ್ಲಿಗೆ ಮುಗೀತು. ಆದರೆ ನನ್ನ ಮನಸ್ಸಿನಲ್ಲಿ ಇರೋದು ಬೇರೆ. ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕಿನವರಿಗೆ ಬೈಲುಕುಪ್ಪೆಗಿಂತ ಹತ್ತಿರದ್ದು ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಅಂಚಿನಲ್ಲಿ, 1966ರಿಂದ ಅಲ್ಲಿ ಇನ್ನೊಂದು ಟಿಬೆಟಿಯನ್ ಊರು ಇದೆ. ಹೊನ್ನಾಳಿಯವರು ರಾಣೆಬೆನ್ನೂರು, ಹಾವೇರಿ, ಹಾನಗಲ್ಲು ಹಿಡಿದು ಹೋಗಬಹುದು. ನ್ಯಾಮತಿಯವರಿಗೆ ಶಿಕಾರಿಪುರ, ಶಿರಾಳಕೊಪ್ಪದ ದಾರಿ. ಜಗಳೂರಿನವರು ದಾವಣಗೆರೆಗೆ ಬಂದು ಹೆದ್ದಾರಿ ಹಿಡಿದರಾಯ್ತು. ನಮ್ಮ ಜನ ಶಿರಸಿ ಮಾರಿಕಾಂಬೆಗೆ ಹೋಗ್ತಾರೆ, ಬನವಾಸಿಗೆ ಹೋಗ್ತಾರೆ, ಮುಂಡಗೋಡದ ಹೆಸರನ್ನ ಬೋರ್ಡಿನ ಮೇಲೆ ಓದಿ ಮುಂದೆ ಹೋಗ್ತಾರೆ. ಲ್ಹಾಸಾ ಸುತ್ತಮುತ್ತ ನೂರಾರು ವರ್ಷ ಬಾಳಿದ ಡ್ರೆಪುಂಗ್, ಗಾಂದೆನ್ ಅನ್ನೋ ಮಹಾವಿದ್ಯಾಪೀಠಗಳು ಮತ್ತೆ ನೆಲೆ ನಿಂತಿರೋದು ಅಲ್ಲಿ, ನಮ್ಮಿಂದ ಅರ್ಧ ದಿನದ ದಾರಿಯಲ್ಲಿ. ಊರೊಳಗೆ ಎಲ್ಲ ಕ್ಯಾಂಪ್ ನಂಬರಿನ ಲೆಕ್ಕ. ಲಾಮಾ ಕ್ಯಾಂಪ್ ಒಂದು ಅಂದ್ರೆ ಗಾಂದೆನ್, ಎರಡು ಅಂದ್ರೆ ಡ್ರೆಪುಂಗ್. ಆಟೋದವನಿಗೆ ಅಷ್ಟು ಹೇಳಿದರೆ ಸಾಕು.

ಮುಂಡಗೋಡಕ್ಕೆ ಬೈಲುಕುಪ್ಪೆಯಷ್ಟು ಬಸ್ಸುಗಟ್ಟಲೆ ಜನ ಬರೋದಿಲ್ಲ. ಅದಕ್ಕೇ ಅಲ್ಲಿ ಊಟ ಇನ್ನೂ ಅಲ್ಲಿನವರ ಊಟವಾಗೇ ಉಳಿದಿದೆ. ಮಠಗಳ ಪಕ್ಕದ ಕ್ಯಾಂಟೀನುಗಳಲ್ಲಿ ಓದೋ ಹುಡುಗ ಲಾಮಾಗಳೇ ಗಿರಾಕಿಗಳು, ಅವರ ಕೈಖರ್ಚಿಗೆ ತಕ್ಕ ರೇಟು. ಭಾರತೀಯರಾದ ನಮಗೆ ಯಾವ ಪರವಾನಗಿಯೂ ಬೇಡ. ವಿದೇಶದಿಂದ ಬಂದ ನೆಂಟರು ಜೊತೆಗಿದ್ದರೆ ಮಾತ್ರ ಮೊದಲೇ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಮಾಡಿಸಿರಬೇಕು. ಅದಿಲ್ಲದೆ ಅವರು ಮುಂಡಗೋಡದಲ್ಲೂ ಉಳಿಯೋ ಹಾಗಿಲ್ಲ, ಬೈಲುಕುಪ್ಪೆಯಲ್ಲೂ ಉಳಿಯೋ ಹಾಗಿಲ್ಲ. ಹಕ್ಕಿ ನೋಡೋ ಆಸೆ ಇದ್ದವರಿಗೆ ಅದೇ ತಾಲ್ಲೂಕಿನಲ್ಲಿ ಅತ್ತಿವೇರಿ ಪಕ್ಷಿಧಾಮ ಇದೆ, ಮಕ್ಕಳಿಗೆ ಒಂದು ದಿನ ಚೆನ್ನಾಗಿ ಕಳೆಯುತ್ತೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಚಳಿಗಾಲ ಬಂದರೆ ಈ ಟಿಬೆಟಿಯನ್ ಜನ ಊರೂರಿಗೆ ಸ್ವೆಟರ್ ಮಾರೋಕೆ ಬರ್ತಾರೆ. ಚೌಕಾಸಿ ಮಾಡಿ ಇನ್ನೂರು ಇಳಿಸಿಕೊಂಡು ಬರ್ತೀವಿ. ಅವರ ಅಡುಗೆ ಹೆಂಗಿರುತ್ತೆ, ಅವರ ಊರು ಎಲ್ಲಿ ಅಂತ ಒಂದು ಮಾತು ಕೇಳಿರೋದಿಲ್ಲ. ಆರು ದಶಕದಿಂದ ನಮ್ಮ ಪಕ್ಕದಲ್ಲೇ ಇರೋ ನೆರೆಯವರ ಮನೆಯ ಊಟವನ್ನ ನಾವು ಬೆಂಗಳೂರಿನ ಮಾಲಿನಲ್ಲಿ, ಮೈಸೂರಿನ ಹೋಟೆಲಲ್ಲಿ ಮೂರು ಪಟ್ಟು ಕೊಟ್ಟು ಹುಡುಕ್ತೀವಿ. ಹೋಗಿ ಅವರ ಬೆಂಚಿನ ಮೇಲೆ ಕೂತು, ಅವರು ಕೇಳಿದಷ್ಟು ಕೊಟ್ಟು, ಉಂಡು ಬರೋದು ಎಲ್ಲ ರೀತಿಯಿಂದಲೂ ಸರಿಯಾದ್ದು.

"ಹಂಗಾದ್ರೆ ಮೈಸೂರು ಬಿಟ್ಟು ಮುಂಡಗೋಡಕ್ಕೇ ಹೋಗೋದಾ?" ಅಂತ ಅಕ್ಕ ನಕ್ಕರು. ದಸರಾಕ್ಕೆ ಮೈಸೂರು ಬಿಡಬೇಡಿ, ಅಲ್ಲಿಂದ ಒಂದು ದಿನ ಬೈಲುಕುಪ್ಪೆ ಮಾಡಿ, ಮುಂಡಗೋಡ ಇನ್ನೊಂದು ರಜೆಗೆ ಇರಲಿ ಅಂದೆ.

ಹೊರಡೋ ಮುಂಚೆ ಒಂದೆರಡು ತಿಳಿದಿರಲಿ. ಮಠದವರ ಊಟ ನಮಗಿಂತ ಬೇಗ, ಮಧ್ಯಾಹ್ನ ತಡ ಮಾಡಿ ಹೋದರೆ ಇದ್ದದ್ದನ್ನೇ ತಿನ್ನಬೇಕು. ಅಕ್ಟೋಬರಿನಿಂದ ಜನವರಿವರೆಗೆ ಸ್ವೆಟರ್ ವ್ಯಾಪಾರಕ್ಕೆ ಹೋದವರ ಮನೆ, ಅಂಗಡಿಗಳಿಗೆ ಬೀಗ ಬಿದ್ದಿರಬಹುದು. ಲೋಸರ್ ಅವರ ಹೊಸ ವರ್ಷ, ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ಬರುತ್ತೆ. ಆ ಹಬ್ಬದ ದಿನಗಳಲ್ಲಿ ಹೋಟೆಲ್ ನಂಬಿಕೊಂಡು ಹೋಗಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ.